ಪೆರ್ನಾಳ ಕಲ್ಲಿನ ಕುರಿತು ರಕ್ಷಣಾಪತ್ರಕ್ಕೆ ಒಂದು ಅರಿಕೆ

ಮಾನ್ಯರೇ,

ಪೋಪರ ಸೀಸದ ಮುದ್ರೆ ಧರಿಸಿ ನಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಪೆಟ್ಟಿಗೆಯಲ್ಲಿ ಪವಡಿಸಿರುವ, ಯೆಹೂದಿಗಳನ್ನು ಯಾರೂ ನೋಯಿಸಕೂಡದೆಂದು ಲ್ಯಾಟಿನ್‌ನಲ್ಲಿ ಸಾರುವ ರಕ್ಷಣಾಪತ್ರವಾದ ತಮಗೆ, ಮುದಿ ದರ್ಜಿ ದಾತ್ತಿಲೊನ ನಮಸ್ಕಾರಗಳು. ಇಲಿಗಳ ಕಾಟವಿಲ್ಲದೆ ಸುಖವಾಗಿದ್ದೀರೆಂದು ನಂಬಿದ್ದೇನೆ.

ತಮ್ಮ ಕೃಪೆಗೆ ಎಣೆಯಿಲ್ಲ. ನಮ್ಮ ಹಬ್ಬಗಳಲ್ಲಿ ನಮ್ಮ ಮೇಲೆ ಕಲ್ಲು ತೂರಬಾರದೆಂದು ತಾವು ಅಪ್ಪಣೆ ಕೊಟ್ಟಿರುವುದರಿಂದ, ಊರವರು ಈಸ್ಟರ್ ವಾರದಲ್ಲಿ, ಇದು ನಿಮ್ಮದಲ್ಲ, ನಮ್ಮ ಹಬ್ಬವೆಂದು ಮೊದಲು ವಿವರಿಸಿ, ಆಮೇಲಷ್ಟೇ ತೂರುತ್ತಾರೆ. ಆಗ ನಾವು ಮಕ್ಕಳಿಗಿಂತ ಮುಂಚೆ ತಮ್ಮನ್ನೇ ಹಂಡೆಯಡಿ ಬಚ್ಚಿಡುತ್ತೇವೆ.

ಈಗಿನ ಅರಿಕೆ ನನ್ನ ಹೆಂಡತಿ ಪೆರ್ನಾಳ ಕುರಿತದ್ದು. ಅವಳು ತೀರಿಕೊಂಡು ವರ್ಷ ತುಂಬುತ್ತಿದೆ. ಮುಂದಿನ ವಾರ ಮೊಮ್ಮಕ್ಕಳು ಸಮಾಧಿಗೆ ಬರುತ್ತಾರೆ. ಆದರೆ ಅವಳ ಹೆಸರು ಕೆತ್ತಿದ ಕಲ್ಲನ್ನು ಯಾರೋ ಕಿತ್ತು ಊರ ಕಾರಂಜಿಯ ಬಳಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದಾರೆ. ಊರವರ ಒಳಬಟ್ಟೆಗಳೆಲ್ಲ ಅವಳ ಹೆಸರಿನ ಮೇಲೆ ಬೀಳುತ್ತಿವೆ. ಸ್ಮಶಾನ ಕೆಡಿಸಬಾರದೆಂದು ತಾವೇ ಹೇಳಿರುವಿರಲ್ಲ ಎಂದು ತಮ್ಮನ್ನು ಎದೆಗವಚಿಕೊಂಡು ಪಟ್ಟಣದ ನೋಟರಿ ಸೆರ್ ಬಾಂದೀನೊ ಅವರಲ್ಲಿಗೆ ಓಡಿದೆ.

“ಇದನ್ನ ಕೊಟ್ಟ ಪೋಪರು ತೀರ್ಕೊಂಡ್ರಲ್ಲ ತಾತ! ಹೊಸಬರ ಹತ್ರ ಹೊಸದು ಬರೆಸ್ಕೊಂಡು ಬಾ” ಎಂದರು.

“ಅಲ್ಲೀವರೆಗೂ ಅವಳ ಮೇಲೆ ಒಗೀತಾನೇ ಇರ್ಲಿ ಅಂತೀರಾ ಸ್ವಾಮಿ?”

ಅವರು ತಮ್ಮನ್ನು ಬಿಡಿಸಿ ಹಿಡಿದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಕ್ರೈಸ್ತ ಧರ್ಮದ ವಿರುದ್ಧ ಸಂಚು ಹೂಡದವರಿಗೆ ಮಾತ್ರ ಈ ರಕ್ಷಣೆಯಂತೆ.

“ನಿನ್ನ ಹೆಂಡ್ತಿ ಸಂಚು ಮಾಡ್ತಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?”

“ಸತ್ತು ವರ್ಷ ಆಯ್ತು ಸ್ವಾಮಿ.”

“ಹಾಗಾದ್ರೆ ತುಂಬಾ ಗುಟ್ಟಾಗಿ ಮಾಡ್ತಿದಾಳೆ.”

ಆದಕಾರಣ ತಾವೇ ದಯಮಾಡಿ ಕಾರಂಜಿಯವರೆಗೆ ನಡೆದುಹೋಗಿ, ದಾರಿಯಲ್ಲಿ ಊರಿನ ಮಾತು ಕಲಿತು, ಒಗೆಯುವವರಿಗೆ ತಮ್ಮನ್ನು ತಾವೇ ಓದಿ ಹೇಳಬೇಕು. ಸಂಚು ಮಾಡುತ್ತಿಲ್ಲವೆಂದು ಪೆರ್ನಾಳಿಂದಲೇ ರುಜು ಹಾಕಿಸಿ ತರಬೇಕು. ಇನ್ನು ಮುಂದೆ ಪೋಪರು ಯಾರೂ ಸಾಯದಂತೆ ನೋಡಿಕೊಳ್ಳಬೇಕು. ಇಷ್ಟಾದರೆ ಸಾಕು, ಬೇರೆ ತೊಂದರೆ ಕೊಡುವುದಿಲ್ಲ.

ತಮ್ಮ ಆಸರೆಯಲ್ಲಿ ತಲೆ ತಗ್ಗಿಸಿಕೊಂಡೇ ಮುದುಕನಾದ,
ತಮ್ಮ ವಿಶ್ವಾಸಿ,
ದಾತ್ತಿಲೊ

ಬರೆದು ಮುಗಿಸಿದ ಮೇಲೆ ನಡೆದದ್ದು: ತಾವಾಗಿ ನಡೆಯುವವರೆಗೆ ಕಾಯಲಾರದೆ, ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಕಾರಂಜಿಗೆ ಹೋದೆ. ಅಗಸಗಿತ್ತಿ ಲಾಪಾ, “ಅಯ್ಯೋ ಅಜ್ಜ, ಪೆರ್ನಮ್ಮನ ಕಲ್ಲಾ ಇದು? ನನ್ನ ಮೂರು ಹೆರಿಗೇನೂ ಅವರೇ ಮಾಡ್ಸಿದ್ದು! ಮೊದಲೇ ಬಾಯಿ ಬಿಡೋಕೇನಾಗಿತ್ತು ನಿಂಗೆ?” ಎಂದು ಬೈದು, ಜೊತೆಯವರನ್ನು ಕೂಗಿ ಕಲ್ಲನ್ನು ಗಾಡಿಗೇರಿಸಿದಳು. ಸ್ಮಶಾನದ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಕೈಗೆ ಬೇರೇನೂ ಸಿಗದೆ, ತಮ್ಮನ್ನು ನಾಲ್ಕು ಮಡಿಕೆ ಮಾಡಿ ಮುದ್ರೆಯ ಸಮೇತ ಚಕ್ರದಡಿ ಒಡ್ಡಿದೆ. ಗಾಡಿ ನಿಂತಿತು. ನಾನು ಕಂಡಂತೆ, ತಾವು ಇಲ್ಲಿಯವರೆಗೆ ತಡೆದದ್ದು ಅದೊಂದನ್ನೇ.