ಕನ್ಸಲ್ಟೆಂಟ್ ಚನ್ನಕೇಶವನ ಚಂದ್ರಿಕೆ

ಒಂದೇ ಒಂದು ವಾಕ್ಯ ಬರೆಯದೇ ಇದ್ದಿದ್ದರೆ ಚನ್ನಕೇಶವ ಇವತ್ತು ಎಲ್ಲಿರುತ್ತಿದ್ದನೋ! ಆದರೆ ಬರೆದುಬಿಟ್ಟ. ಅದೂ ಇಂಗ್ಲಿಷಿನಲ್ಲಿ. 'ದಿಬ್ಬೂರಹಳ್ಳಿಯ ಮೇದರ ಮಕ್ಕಳಿಗೆ ಇಂದು ಬಿದಿರು ಸೀಳಲೂ ಬಾರದೆ, ತಲೆತಲಾಂತರದ ವಿದ್ಯೆಯೊಂದು ನಮ್ಮೆದುರೇ ಕೊನೆಯುಸಿರು ಎಳೆಯುತ್ತಿದೆ' ಎಂಬುದು ಅದರ ಅರ್ಥ. ಶಿಡ್ಲಘಟ್ಟದ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಮುದ್ದೆ ಉಂಡ ಮಧ್ಯಾಹ್ನದ ಜೊಂಪಿನಲ್ಲಿ ಬರೆದದ್ದು. ಬರೆದು ತಾನೇ ಓದಿಕೊಂಡಾಗ ಅವನ ಕಣ್ಣಲ್ಲಿ ನೀರು ಬಂತು.

ಚನ್ನಕೇಶವನ ಉದ್ಯೋಗ ಏನೆಂದು ಅವನ ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬುಡಕಟ್ಟು ಜನರ ಸಂಘಗಳಿಗೆ ದೊಡ್ಡ ದೊಡ್ಡ ಸಂಸ್ಥೆಗಳಿಂದ ಅನುದಾನ ಸಿಗಲೆಂದು ಅವನು ಅರ್ಜಿ ಬರೆದುಕೊಡುತ್ತಿದ್ದ. ಅರ್ಜಿ ಎಂದರೆ ಅವನಿಗೆ ಸಿಟ್ಟು, 'ಪ್ರಪೋಸಲ್' ಅನ್ನಬೇಕು. ವಿಸಿಟಿಂಗ್ ಕಾರ್ಡಿನಲ್ಲಿ 'ಡೆವಲಪ್‌ಮೆಂಟ್ ಕನ್ಸಲ್ಟೆಂಟ್' ಎಂದು ಬಂಗಾರದ ಬಣ್ಣದಲ್ಲಿ ಹಾಕಿಸಿದ್ದ. ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ವರ್ಷ ಅದು. ಹೊಸ ಜಿಲ್ಲೆಗೆ ಒಬ್ಬ ಕನ್ಸಲ್ಟೆಂಟಾದರೂ ಬೇಡವೇ ಎಂಬುದು ಅವನ ವಾದ. ಕಣ್ಣು ಮುಚ್ಚಿದರೆ ಸಾಕು, ಸ್ಕಂದಗಿರಿಯ ಬೆಳಗಿನ ಮೋಡದ ಹಾಗೆ ಕನಸುಗಳು ತೇಲಿ ಬರುತ್ತಿದ್ದವು. ಬಿಳಿ ಜೀಪು, ತಣ್ಣಗಿನ ಸಭಾಂಗಣ, ಕತ್ತಿನಲ್ಲಿ ಬ್ಯಾಡ್ಜು, ಜಿನೀವಾದಲ್ಲಿ ಅವನ ಮಾತಿಗೆ ತಲೆದೂಗುವ ದೊರೆಗಳು.

ಕಣ್ಣು ತೆರೆದರೆ ಮಾತ್ರ ಮಾವ ವೆಂಕಟರವಣಪ್ಪ ಕಾಣುತ್ತಿದ್ದರು. ಗೌರಿಬಿದನೂರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ.

"ನೋಡಿ ಅಳಿಯಂದ್ರೇ, ಈ ಸಲ ನಿಮ್ ಕೆಲಸ ಖಾಯಂ ಆದ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ಬಂದು ಗಿರಣೀಲಿ ಕೂತ್ಕಳಿ. ನಮ್ ಮಗಳು ರೂಪಾನ ಎಷ್ಟು ದಿನ ಅಂತ ಬರೀ ಕನಸು ತಿನ್ಸಿ ಸಾಕ್ತೀರ?" ಎಂದು ಅವರು ಕೊನೆಯ ಮಾತು ಹೇಳಿ ಹೋಗಿದ್ದರು.

ಚನ್ನಕೇಶವನಿಗೆ ಹಿಟ್ಟಿನ ಧೂಳು ಭಯವಲ್ಲ, ಮೈಬಗ್ಗಿಸುವುದೂ ಭಯವಲ್ಲ. ಆ ಗಿರಣಿಯ ಗಡಗಡ ಸದ್ದಿನಲ್ಲಿ ಮನುಷ್ಯನಾದವನಿಗೆ ಒಂದು ಕನಸಾದರೂ ಬೀಳುತ್ತದೆಯೇ?

ಅಂಥದ್ದರಲ್ಲಿ ಆ ಒಂದು ವಾಕ್ಯ ಕೆಲಸ ಮಾಡಿತ್ತು. ಅನುದಾನ ಕೊಡುವ ಬೆಂಗಳೂರಿನ ಸಂಸ್ಥೆಯ ಅಂಬುಜಾ ಮೇಡಂ ಅದನ್ನು ಓದಿ ಕರಗಿ, ಶನಿವಾರ ಮಧ್ಯಾಹ್ನ ಖುದ್ದಾಗಿ ನೋಡಲು ಬರುವುದಾಗಿ ಇ-ಮೇಲ್ ಕಳಿಸಿದ್ದರು. ಮೇಡಂ ಒಪ್ಪಿದರೆ ಮೇದರ ಸಂಘಕ್ಕೆ ಒಂದು ಶೆಡ್ಡು, ಬಿದಿರು, ಆರು ತಿಂಗಳ ತರಬೇತಿ. ಚನ್ನಕೇಶವನಿಗೆ ಖಾಯಂ ಕನ್ಸಲ್ಟೆಂಟ್ ಹುದ್ದೆ. ತಾನೆಂಥ ಶಿಸ್ತಿನ ಮನುಷ್ಯ ಎಂದು ತೋರಿಸಲು ಅವನು ಪ್ರಪೋಸಲಿನ ಕೊನೆಯಲ್ಲಿ ಒಂದು ಷರತ್ತನ್ನೂ ಸೇರಿಸಿದ್ದ: ಮೊದಲ ತಂಡದಲ್ಲಿ ಒಬ್ಬನೇ ಒಬ್ಬ ತರಬೇತಿ ಬಿಟ್ಟು ಹೋದರೂ ಮುಂದಿನ ಕಂತು ಕೊಡತಕ್ಕದ್ದಲ್ಲ. ಅದನ್ನು ಬರೆದ ದಿನ ಖುಷಿಗೆ ಎರಡು ಟೀ ಕುಡಿದಿದ್ದ.

ತೊಂದರೆ ಒಂದೇ. ಆ ವಾಕ್ಯ ಹಸಿಸುಳ್ಳು. ದಿಬ್ಬೂರಹಳ್ಳಿಯ ಮೇದರ ಬೀದಿಯಲ್ಲಿ ಮಕ್ಕಳು ಅಕ್ಷರ ತಿದ್ದುವ ಮೊದಲೇ ಬಿದಿರು ಹಿಡಿಯುತ್ತಿದ್ದವು. ರೇಷ್ಮೆ ಹುಳು ಗೂಡು ಕಟ್ಟುವ, ನಡುವಿನಿಂದ ಸುರುಳಿಯಾಗಿ ಸುತ್ತಿದ ಬಿದಿರಿನ ತಟ್ಟೆಗೆ ಆ ಕಡೆ ಚಂದ್ರಿಕೆ ಎನ್ನುತ್ತಾರೆ. ಸುತ್ತಲಿನ ಹುಳು ಸಾಕುವವರಿಗೆಲ್ಲ ಚಂದ್ರಿಕೆ ಹೆಣೆದುಕೊಡುವವರೂ ಬಾಡಿಗೆಗೆ ಕೊಡುವವರೂ ಇವರೇ. ಬೀದಿ ತುಂಬ ಕೆಲಸವೋ ಕೆಲಸ.

ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಚನ್ನಕೇಶವ ಬಸ್ಸಿಳಿದಾಗ, ಸಂಘದ ಅಧ್ಯಕ್ಷೆ ಲಕ್ಷ್ಮೀನರಸಮ್ಮ ಬಾಗಿಲಲ್ಲೇ ಕೂತು ಬಿದಿರಿನ ದಬ್ಬೆ ಸೀಳುತ್ತಿದ್ದಳು. ಬೀದಿಗೆಲ್ಲ ಹಿರಿಯಳು, ಅವಳ ಮಾತಿಗೆ ಎದುರಾಡುವವರಿರಲಿಲ್ಲ.

"ಅದೇನ್ ಬರ್ದಿದೀಯಪ್ಪಾ ನಮ್ ಬಗ್ಗೆ? ಸ್ವಲ್ಪ ಓದಿ ಹೇಳು" ಅಂದಳು.

ಅವನು ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ತಿರುಗಿಸುತ್ತ ಓದಿದ. "ದಟ್ಟವಾದ ಕಾಡಿನ ಅಂಚಿನಲ್ಲಿ..."

"ಕಾಡೆಲ್ಲೈತಪ್ಪಾ? ಮನೆ ಮುಂದೇನೇ ಬಸ್ ನಿಲ್ತದೆ. ನೀನೂ ಅದ್ರಾಗೇ ಅಲ್ವಾ ಬಂದಿದ್ದು?"

"ಅದು ಹಂಗೇ ಬರೀಬೇಕಮ್ಮಾ. ಫಂಡಿಂಗ್ ಭಾಷೆ."

"ಹೋಗ್ಲಿ, ಶೆಡ್ಡಿನ ವಿಷ್ಯ ಬರ್ದಿದೀಯಾ? ಬಿಸಿಲಲ್ಲಿ ಕೂತೂ ಕೂತೂ ಕಣ್ಣು ಮಂಜಾಗೋಯ್ತು ಕಣಪ್ಪಾ. ಈ ಹೆಣ್ಮಕ್ಕಳಿಗಾದ್ರೂ ತಲೆ ಮೇಲೊಂದು ನೆರಳು ಆಗ್ಬೇಕು."

"ಬರ್ದಿದೀನಮ್ಮಾ, ಕೊನೇ ಪುಟದಲ್ಲಿ."

"ಮೊದ್ಲು ಬರೀಬೇಕಾದ್ದನ್ನ ಕೊನೇಲಿ ಯಾಕೆ ಬರ್ದೆ?" ಎಂದು ಕೇಳಿ ಅವಳು ಮತ್ತೆ ದಬ್ಬೆಗೆ ಕತ್ತಿ ಇಟ್ಟಳು.

ಈಗ ಬೇಕಾಗಿದ್ದು ಬಿದಿರಿನ ಕೆಲಸ ಬಾರದ ಒಬ್ಬರು. ಚನ್ನಕೇಶವ ಲಕ್ಷ್ಮೀನರಸಮ್ಮನ ಮೊಮ್ಮಗಳು ಮುನಿಲಕ್ಷ್ಮಿಯನ್ನು ಹಿಡಿದ. ಮೇಡಂ ಬಂದಾಗ ಕೆಲಸ ಬಾರದವಳ ಹಾಗೆ ನಟಿಸು ತಾಯೀ, ಒಂದರ್ಧ ಗಂಟೆ ಸಾಕು ಎಂದು ಗೋಗರೆದ. ಹುಡುಗಿ ಒಪ್ಪಿ ಕೂತಳು. ಅವನು ನೋಡುತ್ತಿದ್ದಂತೆಯೇ ಅವಳ ಬೆರಳುಗಳು ಸರಸರನೆ ಹರಿದು ಚಂದ್ರಿಕೆಯ ಸುತ್ತು ಅರ್ಧ ಮುಗಿದೇಹೋಯಿತು.

"ನಿಧಾನ! ತಪ್ಪು ಮಾಡಮ್ಮಾ, ತಪ್ಪು ಮಾಡು!"

"ತಪ್ಪು ಹೆಂಗ್ ಮಾಡೋದಣ್ಣಾ? ಕೈ ಅದಾಗದೇ ಹೋಗ್ತದೆ" ಎಂದು ಅವಳು ನಕ್ಕಳು. ಬೀದಿಯ ಹೆಂಗಸರೆಲ್ಲ ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು. ಎಡಗೈಯಲ್ಲಿ ಮಾಡಲಿ ಅಂದರು ಒಬ್ಬರು. ಎಡಗೈಯಲ್ಲಿ ಇನ್ನೂ ಬೇಗ ಮಾಡಿದಳು.

ಅಷ್ಟರಲ್ಲಿ ಹುಳು ಸಾಕುವ ಮುನಿಶಾಮಪ್ಪ ಏದುಸಿರು ಬಿಡುತ್ತ ಓಡಿಬಂದ. "ಲಕ್ಷ್ಮೀನರಸಮ್ಮೋ! ಹುಳ ಹಣ್ಣಾಗ್ಬಿಡ್ತು! ನಾಳೆಗೆ ಅಂದ್ಕೊಂಡಿದ್ದೆ, ಈ ಸೆಕೆಗೆ ಇವತ್ತೇ! ಚಂದ್ರಿಕೆ ಕೊಡಮ್ಮಾ, ಕೈ ಕೊಡ್ರಮ್ಮಾ ಎಲ್ರೂ!"

ಆ ಕಡೆಯ ಪದ್ಧತಿ ಗೊತ್ತಲ್ಲ. ಹುಳು ಹಣ್ಣಾಯಿತು ಎಂದರೆ ಅದು ಗೂಡು ಕಟ್ಟಲು ತಯಾರು, ಇನ್ನು ಯಾರಿಗೂ ಕಾಯುವುದಿಲ್ಲ. ಬೀದಿಯಲ್ಲಿ ಕಂಡವರೆಲ್ಲ ಕೈಲಿರುವುದನ್ನು ಬಿಟ್ಟು ಹೋಗಿ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಮೇಡಂಗೆ ತೋರಿಸಲೆಂದು ಗೋಡೆಗೆ ಸಾಲಾಗಿ ಒರಗಿಸಿದ್ದ ಚಂದ್ರಿಕೆಗಳು ಒಂದೊಂದಾಗಿ ತಲೆ ಮೇಲೇರಿ ಹೊರಟವು.

"ಅಯ್ಯೋ, ಅವು ಪ್ರದರ್ಶನಕ್ಕೆ ಇಟ್ಟಿರೋದು! ಮೇಡಂ ಬರ್ತಾರೆ!" ಎಂದು ಚನ್ನಕೇಶವ ಅಡ್ಡ ನಿಂತ.

"ಹುಳಕ್ಕೆ ಹೇಳಪ್ಪಾ, ಕಾಯ್ತದೇನೋ ನೋಡಣ" ಎಂದ ಮುನಿಶಾಮಪ್ಪ, ಅವನ ರಟ್ಟೆಯನ್ನೇ ಹಿಡಿದು ಎಳೆದ. "ನೀವೂ ಬನ್ನಿ ಸ್ವಾಮಿ. ರಾವಯ್ಯಾ ರಾ! ಎರಡು ಕೈ ಐತಲ್ಲ ನಿಮ್ಗೂ!"

ಹುಳುಮನೆಯೊಳಗೆ ಮಬ್ಬುಗತ್ತಲು, ಬೆಚ್ಚಗಿನ ಸೊಪ್ಪಿನ ವಾಸನೆ. ಹಣ್ಣಾದ ಹುಳುಗಳು ಬೆಳಕಿಗೆ ಹಿಡಿದರೆ ಜೇನಿನಂತೆ ಪಾರದರ್ಶಕವಾಗಿ ಹೊಳೆಯುತ್ತಿದ್ದವು. ಇನ್ನೂ ತಿನ್ನುತ್ತಿದ್ದ ಹುಳುಗಳ ಸದ್ದು ಎಲ್ಲೋ ದೂರದಲ್ಲಿ ಸೋನೆ ಹಿಡಿದ ಹಾಗಿತ್ತು. ತಟ್ಟೆ ತುಂಬ ಹುಳು ಆರಿಸಿಕೊಂಡು ನಿಂತ ಚನ್ನಕೇಶವನಿಗೆ ಎಲ್ಲವೂ ಮರೆತುಹೋಯಿತು. ಕಣ್ಣ ಮುಂದೆ ಬಂಗಾರದ ದಾರ ಒಂದು ಬಿಚ್ಚಿಕೊಂಡು, ದಿಬ್ಬೂರಹಳ್ಳಿಯಿಂದ ಹೊರಟು, ಅಂಬಾಜಿದುರ್ಗದ ನೆತ್ತಿ ಹಾದು, ಸಮುದ್ರ ದಾಟಿ ಜಿನೀವಾದ ಸಭಾಂಗಣದ ಬಾಗಿಲಿಗೆ ಹೋಗಿ ಮುಟ್ಟಿತು. ಅವನು ಮೆಲ್ಲಗೆ ತಲೆಬಾಗಿ ವಂದಿಸಿದ.

ತಲೆ ಬಾಗಿದ ಹಾಗೆ ತಟ್ಟೆಯೂ ಬಾಗಿತು. ಹಣ್ಣು ಹುಳುಗಳು ಗೂಡು ಕಟ್ಟುವ ಮೊದಲು ಮೈಯೊಳಗಿನ ನೀರನ್ನೆಲ್ಲ ಬಿಟ್ಟುಬಿಡುತ್ತವೆ. ಆ ಕೆಲಸವನ್ನು ಅವು ಅವನ ಬಿಳಿ ಶರಟಿನ ಮೇಲೆ, ಪ್ಯಾಂಟಿನ ಮೇಲೆ ಸಮೃದ್ಧವಾಗಿ ಮುಗಿಸಿದವು.

"ಥೂ, ಹಿಂಗೇ ನಿಂತ್ಕೋತೀಯೇನಪ್ಪಾ ಮೇಡಂ ಮುಂದೆ?" ಲಕ್ಷ್ಮೀನರಸಮ್ಮ ಅವನ ಅವತಾರ ನೋಡಿ ಹಣೆ ಚಚ್ಚಿಕೊಂಡು ತನ್ನ ಮನೆಗೆ ಕರೆತಂದಳು. ಒಂದು ಹಳೆಯ ಲುಂಗಿ, ಒಂದು ಟವೆಲು ಕೊಟ್ಟು, ಅವನ ಬಟ್ಟೆಯನ್ನು ತೊಟ್ಟಿಯ ನೀರಿಗೆ ಅದ್ದಿದಳು. ಶರಟಿನ ಜೇಬಿನಲ್ಲಿದ್ದ ಮೊಬೈಲೂ ಜೊತೆಗೇ ಮುಳುಗಿತು. ಅದು ಗುಳುಗುಳು ಎಂದಾಗಲೇ ಇಬ್ಬರಿಗೂ ನೆನಪಾಗಿದ್ದು.

ಬೀದಿ ಬಣಗುಟ್ಟುತ್ತಿತ್ತು. ಚಂದ್ರಿಕೆಯಿಲ್ಲ, ಹೆಂಗಸರಿಲ್ಲ, ಮುನಿಲಕ್ಷ್ಮಿಯೂ ಇಲ್ಲ. "ಒಬ್ರೂ ಇಲ್ದಿದ್ರೆ ಶೆಡ್ಡು ಯಾರಿಗೆ ಕೊಡ್ತಾರೆ? ಬಟ್ಟೆ ಒಣಗೋಗಂಟ ನೀನೇ ಕೂತ್ಕೋ. ಹಿಡಿ ಈ ದಬ್ಬೇನ" ಎಂದು ಲಕ್ಷ್ಮೀನರಸಮ್ಮ ಅವನ ಕೈಗೆ ಬಿದಿರು ತುರುಕಿದಳು. ಹೆಂಗಿದ್ದರೂ ಮೇಡಂ ಬರುವುದು ಮಧ್ಯಾಹ್ನ ಅಂದುಕೊಂಡು ಅವನು ಕೂತ.

ಬಿಳಿ ಜೀಪು ಆಗಲೇ ಬಂತು. ಅವನ ಕನಸಿನ ಜೀಪಿನ ತದ್ರೂಪು.

ಅಂಬುಜಾ ಮೇಡಂ ಇಳಿದಾಗ ಲಕ್ಷ್ಮೀನರಸಮ್ಮ ಕೆಲಸದ ಗುಂಗಿನಲ್ಲಿ ಕಿರುಚುತ್ತಿದ್ದಳು: "ಹಿಂಗಲ್ಲ ಕಣೋ! ಬೆರಳು ಕತ್ತರಿಸ್ಕೋತೀಯ! ಒಳಮೈ ಮೇಲ್ಗಡೆ ಬರ್ಲಿ!" ಬಿದಿರು ಹಿಡಿದ ಮರುಗಳಿಗೆಯೇ ಕನ್ಸಲ್ಟೆಂಟರು 'ಅಪ್ಪಾ'ದಿಂದ 'ಕಣೋ'ಗೆ ಇಳಿದಿದ್ದರು.

ಮೇಡಂ ಮೈಮರೆತು ನಿಂತರು. ಕಣ್ಣು ಮಂಜಾದ ಹಿರಿಯಾಕೆ, ಏನೂ ಬಾರದ ಯುವಕ, ನಡುವೆ ಒಂದು ಸೊಟ್ಟ ಚಂದ್ರಿಕೆ. ಪ್ರಪೋಸಲಿನ ವಾಕ್ಯವೇ ಎದ್ದು ಬಂದು ಜಗುಲಿಯಲ್ಲಿ ಕೂತಿತ್ತು.

"ಎಷ್ಟು ದಿನದಿಂದ ಕಲೀತಿದ್ದೀರಾ?" ಎಂದು ಮೆಲುದನಿಯಲ್ಲಿ ಕೇಳಿದರು.

ನಾನೇ ಕನ್ಸಲ್ಟೆಂಟ್ ಎನ್ನಲು ಚನ್ನಕೇಶವ ಬಾಯಿ ತೆರೆದ. ಅವರಿಬ್ಬರದೂ ಇ-ಮೇಲ್ ಪರಿಚಯವಷ್ಟೇ, ಮುಖ ನೋಡಿದವರಲ್ಲ. ಅದು ಹೊಳೆದದ್ದೇ ತಡ, ತಲೆಯೊಳಗೆ ದೀಪ ಹತ್ತಿತು. ಇಡೀ ಬೀದಿಯಲ್ಲಿ ಬಿದಿರು ಬಾರದವನು ತಾನೊಬ್ಬನೇ! ಮೊದಲು ಮಂಜೂರಾಗಲಿ. ಆಮೇಲೆ ಹಿತ್ತಿಲಿಗೆ ಓಡಿ, ಒದ್ದೆ ಶರಟನ್ನೇ ತೊಟ್ಟು, ಬಸ್ಸು ತಡವಾಯಿತು ಎಂದು ಬಂದು ನಿಂತರಾಯಿತು.

"ಇವತ್ತೇ ಮೊದ್ಲು ಮೇಡಂ" ಎಂದ. ಅದಂತೂ ನಿಜವೇ.

"ಯಾಕೆ, ಮೊದಲೇ ಕಲೀಲಿಲ್ವಾ?"

"ಯಾರೂ ಕಲಿಸ್ಲಿಲ್ಲ ಮೇಡಂ." ಅದೂ ನಿಜ. ಹೇಳುವಾಗ ಬೆರಳಿಗೆ ಸಿಬಿರು ಚುಚ್ಚಿ ಕಣ್ಣಲ್ಲಿ ನೀರು ತುಂಬಿತು. ಮೇಡಂ ಕಣ್ಣಲ್ಲೂ ತುಂಬಿತು.

"ನಿಮ್ಮ ಹೆಸರು?"

"ಕೇಶವ" ಎಂದ, ಮೊದಲರ್ಧ ನುಂಗಿಕೊಂಡು.

ಲಕ್ಷ್ಮೀನರಸಮ್ಮ ಅವನನ್ನು ನೋಡಿದಳು, ಶೆಡ್ಡು ಬರಬೇಕಾದ ಖಾಲಿ ಜಾಗವನ್ನು ನೋಡಿದಳು, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡಳು.

"ಅಮ್ಮಾ, ನಾನು ತೀರ್ಮಾನ ಮಾಡಿದೆ. ನಿಮ್ಮ ಶೆಡ್ಡು, ಬಿದಿರು, ತರಬೇತಿ ಎಲ್ಲ ಮಂಜೂರು" ಎಂದು ಮೇಡಂ ಕಣ್ಣೊರೆಸಿಕೊಂಡರು. "ಅಂದಹಾಗೆ, ಆ ಕನ್ಸಲ್ಟೆಂಟ್ ಎಲ್ಲಿ? ಬೇಗ ಬರ್ತಿದ್ದೀನಿ ಅಂತ ಹೇಳೋಣ ಅಂದ್ರೆ ಫೋನ್ ಸ್ವಿಚ್ ಆಫ್. ನಿಮ್ಮ ಊರಿನ ಸುತ್ತ ದಟ್ಟ ಕಾಡಿದೆ ಅಂತ ಬೇರೆ ಬರ್ದಿದ್ದಾರೆ! ಆ ಮನುಷ್ಯ ಒಂದ್ ದಿನಾನೂ ಈ ಕಡೆ ಬಂದ ಹಾಗಿಲ್ಲ. ಅವರು ನಮಗೆ ಬೇಡ. ದುಡ್ಡು ನೇರವಾಗಿ ಸಂಘಕ್ಕೇ ಬರುತ್ತೆ."

ಚನ್ನಕೇಶವ ದಿಗ್ಗನೆ ಎದ್ದ. ಲುಂಗಿ ಜಾರಿತು, ಗಬಕ್ಕನೆ ಹಿಡಿದುಕೊಂಡ. "ಮೇಡಂ, ನಾನೇ..."

"ಹೌದು, ನೀವೇ! ಮೊದಲ ತಂಡದ ಮೊದಲ ಹೆಸರು ನಿಮ್ಮದೇ" ಎಂದು ಮೇಡಂ, ಲುಂಗಿ ಹಿಡಿದು ಬಾಯಿ ತೆರೆದು ನಿಂತವನ ಫೋಟೋ ತೆಗೆದೇಬಿಟ್ಟರು. "ಆ ಕನ್ಸಲ್ಟೆಂಟ್ ಬರೆದದ್ದರಲ್ಲಿ ಒಂದೇ ಒಂದು ಬುದ್ಧಿವಂತಿಕೆಯ ಮಾತಿದೆ. ಒಬ್ಬರು ಬಿಟ್ಟು ಹೋದ್ರೂ ಮುಂದಿನ ಕಂತು ಇಲ್ಲ ಅಂತ. ತಿಂಗಳು ತಿಂಗಳು ಬಂದು ಈ ಕೇಶವ ಎಲ್ಲಿಗೆ ಬಂದ ಅಂತ ನಾನೇ ನೋಡ್ತೀನಿ."

ಜೀಪು ಹೋಯಿತು. ಚನ್ನಕೇಶವ ಧೂಳನ್ನೇ ನೋಡುತ್ತ ನಿಂತ.

"ನಾನು ಹೊರಟೆ ಅಮ್ಮಾ" ಎಂದ ಸಣ್ಣ ದನಿಯಲ್ಲಿ.

"ಎಲ್ಲಿಗೆ? ನೀನೋದ್ರೆ ಶೆಡ್ಡು ಹೋಯ್ತು. ನಾನಲ್ಲಪ್ಪಾ ಅದನ್ನ ಬರ್ದಿದ್ದು, ನೀನು." ಅಷ್ಟು ಹೊತ್ತಿಗೆ ಹುಳುಮನೆಯಿಂದ ಹೆಂಗಸರು ಹಿಂದಿರುಗುತ್ತಿದ್ದರು. ಶೆಡ್ಡಿನ ಸುದ್ದಿ ಕೇಳಿ ಮುನಿಲಕ್ಷ್ಮಿ ಕುಣಿದಳು. ಒಬ್ಬಾಕೆ ಓಡಿಹೋಗಿ ಅವನಿಗೆಂದು ಬೆಲ್ಲ ತಂದಳು. ಬೆಲ್ಲ ಬಾಯಲ್ಲಿಟ್ಟುಕೊಂಡು ಬಿಟ್ಟು ಹೋಗುತ್ತೇನೆ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ.

ಸಂಜೆ ಬಿಸಿಲು ತಗ್ಗುವಾಗ, ಅಳಿಯನ ಫೋನು ಸಿಗದೆ ತಲೆಕೆಟ್ಟ ವೆಂಕಟರವಣಪ್ಪ ಹಿಟ್ಟಿನ ಟೆಂಪೋದಲ್ಲೇ ಬಂದಿಳಿದರು. ಲುಂಗಿ, ಟವೆಲು, ಮಡಿಲಲ್ಲಿ ಬಿದಿರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನಾಯ್ತು ಅಳಿಯಂದ್ರೇ? ಕೆಲಸ ಖಾಯಂ ಆಯ್ತಾ?"

ಅಳಿಯ ಬಾಯಿ ತೆರೆಯುವ ಮೊದಲೇ ಲಕ್ಷ್ಮೀನರಸಮ್ಮ ಹೇಳಿದಳು. "ಆಯ್ತು ಸ್ವಾಮಿ. ಆರು ತಿಂಗಳು ಅಲ್ಲಾಡಂಗಿಲ್ಲ. ಬೆಂಗಳೂರಿನ ಮೇಡಮ್ಮೇ ತಿಂಗಳು ತಿಂಗಳು ಬಂದು ನೋಡ್ತಾರಂತೆ."

"ಸದ್ಯ!" ವೆಂಕಟರವಣಪ್ಪನವರ ಮುಖ ಅರಳಿತು. "ಹಂಗಾದ್ರೆ ಗಿರಣಿಗೆ ನಮ್ಮ ತಮ್ಮನ ಮಗನ್ನೇ ಕೂರಿಸ್ಬಿಡ್ತೀನಿ. ರೂಪಂಗೆ ಹೇಳ್ತೀನಿ ಬಿಡಿ, ಖುಷಿಯಾಗ್ತಾಳೆ" ಎಂದು ಹೊರಟೇಹೋದರು.

ಖಾಯಂ ಹುದ್ದೆಯೂ ಹೋಯಿತು, ಗಿರಣಿಯೂ ಹೋಯಿತು. ಚನ್ನಕೇಶವ ದಬ್ಬೆಯನ್ನು ಚಂದ್ರಿಕೆಯ ನಡುವಿನಿಂದ ಸುತ್ತತೊಡಗಿದ. ಸುತ್ತುತ್ತ ಸುತ್ತುತ್ತ ಅದು ಅಗಲವಾಯಿತು, ಊರಾಚೆಯ ದಾರಿಯಾಯಿತು, ಬೆಟ್ಟ ಬಳಸಿತು, ಮೋಡದ ಮೇಲೆ ಹತ್ತಿತು. ದೂರದಲ್ಲಿ ತಣ್ಣಗಿನ ಸಭಾಂಗಣ. ದೊರೆಗಳೆಲ್ಲ ಎದ್ದು ನಿಂತಿದ್ದಾರೆ. 'ದಿಬ್ಬೂರಹಳ್ಳಿಯ ಖ್ಯಾತ ಬಿದಿರು ಕಲಾವಿದ ಶ್ರೀ ಕೇಶವ...' ಎಂದು ಯಾರೋ ಕರೆಯುತ್ತಿದ್ದಾರೆ. ಅವನು ಮೆಲ್ಲಗೆ ತಲೆಬಾಗಿದ.

"ಹಿಂಗಲ್ಲ ಕಣೋ!" ಎಂದಳು ಲಕ್ಷ್ಮೀನರಸಮ್ಮ. "ಎಲ್ಲಾ ಬಿಚ್ಚು. ಮೊದಲಿಂದ ಸುತ್ತು."