ಕೋಟು ಹೊದ್ದ ಕಾಳು

ಚುನ್‌ಚನ್ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮಾನ್‌ಸಿಕ್ ಮಹಾಶಯರು, ಒಂದು ಚಳಿಗಾಲದ ಬೆಳಗ್ಗೆ ಟೀವಿಯೆದುರು ಕೂತಲ್ಲಿಂದಲೇ ತಮ್ಮ ಹೊಟ್ಟೆಯನ್ನು ಉದ್ಧಾರ ಮಾಡುವ ಶಪಥ ತೊಟ್ಟರು.

"ದಾಲ್ಲೆಯ ಅಮ್ಮಾ, ಇಲ್ಲಿ ಕೇಳು. ಸೋಯಾ ಕಾಳಿನ ಸತ್ವ ಸುಮ್ಮನೆ ನುಂಗಿದ್ರೆ ಪೂರ್ತಿ ದಕ್ಕಲ್ವಂತೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನ ಒಡೆದು ಕೊಡ್ಬೇಕಂತೆ. ಆ ಕೆಲಸ ಬಲ್ಲ ಜೀವಿಗಳು ಎಲ್ಲರ ಹೊಟ್ಟೇಲೂ ಇರಲ್ವಂತೆ."

"ನಿಮ್ಮ ಹೊಟ್ಟೇಲಿದ್ರೂ ಅವೂ ನಿವೃತ್ತಿ ತಗೊಂಡಿರುತ್ವೆ" ಎಂದಳು ಮಗಳು ದಾಲ್ಲೆಯ ಹೆಸರಿನಿಂದಲೇ ಕರೆಸಿಕೊಳ್ಳುವ ಹೆಂಡತಿ ಓಕ್‌ಬುನ್.

"ಅದಕ್ಕೇ ನಾನೇ ಚೊಂಗುಕ್‌ಜಾಂಗ್ ಮಾಡ್ತೀನಿ. ನಮ್ಮಮ್ಮ ಮಾಡ್ತಿದ್ದ ಹಾಗೆ."

ಓಕ್‌ಬುನ್ ಕೈಯಲ್ಲಿದ್ದ ಮೂಲಂಗಿ ಕೆಳಗಿಟ್ಟಳು. ಬೇಯಿಸಿದ ಸೋಯಾ ಕಾಳನ್ನು ಒಣಹುಲ್ಲಿನ ಜೊತೆ ಬುಟ್ಟಿಗೆ ತುಂಬಿ, ಕಂಬಳಿ ಹೊದಿಸಿ, ಅಡಿಯಿಂದ ಬಿಸಿಯೇರುವ ಮನೆಯ ನೆಲದ ಮೇಲೆ ಲೋಳೆ ಎಳೆ ಬಿಡುವ ತನಕ ಮಲಗಿಸಿದರೆ ಆಗುವ ಪದಾರ್ಥ ಅದು. ಸಾರು ಮಾಡಿದರೆ ಅಮೃತ. ಮಾಗುವಾಗ ಮಾತ್ರ ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆ.

"ಭಾನುವಾರ ಬೀಗರಾಗೋರನ್ನ ಮೊದಲ ಸಲ ನೋಡ್ತಿದ್ದೀವಿ. ಹುಡುಗನ ತಾಯಿ ಔಷಧಿ ಅಂಗಡಿಯವರು, ಭಾರಿ ಶಿಸ್ತಂತೆ. ದಾಲ್ಲೆ ಮದುವೆ ಕುದುರೋ ತನಕ ಈ ಮನೇಲಿ ಒಂದು ಕಾಳೂ ನಾರಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು ಮಾರಾಯ್ತಿ."

ಗೊತ್ತಾದದ್ದು ಅವಳು ಅಕ್ಕನ ಮನೆಗೆ ಬಸ್ಸು ಹತ್ತುವ ತನಕ ಮಾತ್ರ. ಅವಳು ಅತ್ತ ಹೋದಳು, ಇತ್ತ ಕಾಳು ಬೆಂದಿತು. ಬಟ್ಟೆ ಇಡುವ ಚಿಕ್ಕ ಕೋಣೆಯಲ್ಲಿ ಬುಟ್ಟಿ ಪವಡಿಸಿತು. ಆದರೆ ಎಷ್ಟು ಹೊತ್ತಾದರೂ ಕಾಳಿಗೆ ಬಿಸುಪು ಸಾಲದು. ಕಂಬಳಿ ತೆಳುವಾಯಿತೆಂದು ಸುತ್ತ ನೋಡಿದರೆ, ಗೋಡೆಯಲ್ಲಿ ದಪ್ಪನೆಯ ಉಣ್ಣೆಯ ಕೋಟೊಂದು ಕೆಲಸವಿಲ್ಲದೆ ನೇತಾಡುತ್ತಿತ್ತು. ಭಾನುವಾರಕ್ಕೆಂದೇ ಓಕ್‌ಬುನ್ ಕೊಂಡಿದ್ದ ಹೊಸ ಕೋಟು ಅದು. ವಿಜ್ಞಾನದ ಸೇವೆಗೆ ಅದನ್ನೂ ಹೊದಿಸಿದರು.

ಮರುದಿನ ಆ ಬಹುಮಹಡಿ ವಸತಿಯ ಎಲ್ಲರ ಮನೆಯ ಗೋಡೆಯಲ್ಲಿದ್ದ ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು. "ಮೂರನೇ ಕಟ್ಟಡದ ನಿವಾಸಿಗಳ ಗಮನಕ್ಕೆ. ಕೊಳಚೆ ಪೈಪು ಒಡೆದಿರುವ ಶಂಕೆಯಿದೆ. ದಯವಿಟ್ಟು ಸಹಕರಿಸಿ."

ಮಹಾಶಯರು ಎಷ್ಟು ಸಹಕರಿಸಿದರೆಂದರೆ, ಕಾವಲುಗಾರನ ಜೊತೆ ತಾವೇ ಮಹಡಿ ಮಹಡಿ ಹತ್ತಿ, ಬಾಗಿಲು ಬಾಗಿಲಿಗೂ ಮೂಗೊಡ್ಡಿ, "ಈ ಕಾಲದ ಜನಕ್ಕೆ ಶುಚಿ ಅನ್ನೋದೇ ಇಲ್ಲಪ್ಪ" ಎಂದು ನಿಟ್ಟುಸಿರಿಟ್ಟರು. ತಮ್ಮ ಬಾಗಿಲನ್ನು ಮಾತ್ರ ಬಿಟ್ಟರು.

ಆಮೇಲೆ ಕೋಟನ್ನು ಬಾಲ್ಕನಿಯಲ್ಲಿ ಒಣಗಿಸಿ, ಮಗಳ ಅತ್ತರು ಪೂಸಿದರು. ಈಗ ಅದು ಹೂದೋಟದಲ್ಲಿ ಹರವಿದ ಕಾಲುಚೀಲವಾಯಿತು.

ಭಾನುವಾರ ಹೊರಡುವ ಗಳಿಗೆಗೆ ಸರಿಯಾಗಿ ಅಕ್ಕನ ಮನೆಯಿಂದ ಬಂದ ಓಕ್‌ಬುನ್ ಕೋಟಿಗೆ ಕೈ ತೂರಿಸಿದವಳು ಹಾಗೇ ನಿಂತಳು.

"ಏನು ಮಾಡಿದ್ರಿ ಇದಕ್ಕೆ?"

"ಕಾಳಿಗೆ ಚಳಿಯಾಗ್ತಿತ್ತು."

ಅವಳ ಹಳೆಯ ಕೋಟು ಒಗೆಯಲು ಹೋಗಿತ್ತು, ಹೊರಗೆ ನೀರು ಗಡ್ಡೆಕಟ್ಟುವ ಚಳಿ. ಆ ನಾರುವ ಕೋಟನ್ನೇ ತೊಟ್ಟು ನಡೆದಳು. ದಾಲ್ಲೆ ಅಳುವುದೊಂದು ಬಾಕಿ.

ಹೋಟೆಲಿನ ಕೋಣೆಯಲ್ಲಿ ಹುಡುಗನ ತಂದೆ ತಾಯಿ ಕೂತಿದ್ದರು. ತಂದೆ ಬರೀ ತೆಳು ಸೂಟಿನಲ್ಲಿ ನಡುಗುತ್ತ, "ನನಗೆ ಚಳಿಯೇ ಆಗಲ್ಲ" ಎಂದರು. ಓಕ್‌ಬುನ್ ಕೋಟನ್ನು ಮೂಲೆಯ ಗೂಟಕ್ಕೆ ಹಾಕಿದಳು. ಕೋಣೆ ಬೆಚ್ಚಗಾದಂತೆ ಕೋಟು ತನ್ನ ಪರಿಚಯ ತಾನೇ ಹೇಳಿಕೊಳ್ಳತೊಡಗಿತು. ಹುಡುಗನ ತಾಯಿಯ ಮೂಗು ಒಮ್ಮೆ ಅರಳಿತು. ಗಂಡನನ್ನು ಕೆಕ್ಕರಿಸಿದರು. ಮತ್ತೊಮ್ಮೆ ಅರಳಿತು. ಎದ್ದು ಮೂಲೆಗೆ ಹೋದರು.

"ಈ ಕೋಟು ಯಾರದ್ದು?"

ಮದುವೆ ಮುರಿಯಿತೆಂದೇ ದಾಲ್ಲೆ ಕಣ್ಣು ಮುಚ್ಚಿದಳು.

"ನಂದು" ಎಂದಳು ಓಕ್‌ಬುನ್, ನೆಲ ನೋಡುತ್ತ.

"ಅಯ್ಯೋ," ಎಂದು ಹುಡುಗನ ತಾಯಿ ಗಂಡನತ್ತ ಕೈ ತೋರಿದರು, "ನಾನು ಇವರೇ ನಾರ್ತಿದ್ದಾರೆ ಅಂತ ಆಗ್ಲಿಂದ ಕಾಲು ತುಳೀತಾ ಇದ್ದೀನಲ್ಲ! ಹೊಟ್ಟೆ ಸರಿಮಾಡ್ಕೋತೀನಿ ಅಂತ ಇವರೂ ಮನೇಲಿ ಕಾಳು ಮಲಗಿಸಿದ್ದಾರೆ. ಕಂಬಳಿ ಸಾಲ್ದು ಅಂತ ಕೋಟು ಹೊದಿಸಿ, ಈ ಚಳೀಲಿ ಹೀಗೆ ಬಂದಿದ್ದಾರೆ ನೋಡಿ."

ಹುಡುಗನ ತಂದೆಯೂ ಮಹಾಶಯರೂ ಮೇಜಿನ ಮೇಲಿಂದ ಕೈ ಚಾಚಿ ಒಬ್ಬರ ಕೈಯನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಊಟ ಮುಗಿಯುವಷ್ಟರಲ್ಲಿ ಮದುವೆಯ ತಿಂಗಳೂ ನಿಶ್ಚಯವಾಯಿತು.

ಬಾಗಿಲ ಬಳಿ ತಮ್ಮ ಕೋಟು ತೊಡುತ್ತ ಮಾನ್‌ಸಿಕ್ ಎದೆಯುಬ್ಬಿಸಿದರು. "ನೋಡಿದ್ಯಾ? ತಿಳಿದವರೆಲ್ಲ ನನ್ನ ಹಾಗೇ ಮಾಡೋದು."

"ನೋಡಿದೆ" ಎಂದಳು ಓಕ್‌ಬುನ್. "ಅವರು ಹೊದಿಸಿದ್ದು ತಮ್ಮದೇ ಕೋಟು."

ಮಹಾಶಯರು ಗುಂಡಿ ಬಿಚ್ಚಿ, ತಮ್ಮ ಕೋಟನ್ನು ತೆಗೆದು ಅವಳ ಕೈಗಿಟ್ಟರು.