ಐವತ್ತು ಸಾವಿರ ಜನರ ನಡುವೆ ನನ್ನ ಶಿಳ್ಳೆ

ಈ ಭಾನುವಾರದ ಊಟ ಮುಗಿಯುವುದರೊಳಗೆ ನನ್ನ ಷಡ್ಡಕ ರೂಬೆನ್‌ನ ಬಾಯಿಗೆ ಶಾಶ್ವತವಾಗಿ ಬೀಗ ಜಡಿಯುತ್ತೇನೆ ಎಂದು ನಾನು ಶಪಥ ಮಾಡಿದೆ! ಎಡಗೈಯಲ್ಲಿ ನಮ್ಮ ಕಡೆಯ ‘ಮಾತೆ’ ಎಂಬ ಎಲೆ ಕಷಾಯದ ಸೋರೆ ಬುರುಡೆ, ಬಲಗೈ ಎದೆಯ ಮೇಲೆ, ಮೈಮೇಲೆ ಬರೀ ಬನಿಯನ್. ಈ ಭೀಷ್ಮ ಪ್ರತಿಜ್ಞೆಗೆ ಸಾಕ್ಷಿಯಾದವರು ಇಬ್ಬರೇ, ನನ್ನ ಹೆಂಡತಿ ಮಿರ್ತಾ ಮತ್ತು ನಮ್ಮ ನಾಯಿ ತಿತೋ. ನಾಯಿಯಾದರೂ ಬಾಲ ಅಲ್ಲಾಡಿಸಿತು.

"ಮತ್ತೆ ಅದೇ ಶಿಳ್ಳೆ ಪುರಾಣನಾ?" ಎಂದಳು ಮಿರ್ತಾ, ಈರುಳ್ಳಿ ಹೆಚ್ಚುತ್ತ. "ಡುಮ್ಮಾ, ಹೋಗಿ ಅಂಗಿ ಹಾಕ್ಕೋ ಮೊದ್ಲು."

ಶಿಳ್ಳೆ ಪುರಾಣವೆಂದರೆ ಇಷ್ಟು. ಕಾರ್ಬೋನೆರೋಸ್ ರಾಕ್ ತಂಡ ಒಂದು ಕಾಲದಲ್ಲಿ ನಮ್ಮ ಬ್ಯೂನಸ್ ಐರಿಸ್‌ನ ಫುಟ್‌ಬಾಲ್ ಮೈದಾನದಲ್ಲಿ ನಡೆಸಿದ ಕಛೇರಿಯ ಡಬಲ್ ರೆಕಾರ್ಡ್ ಇದೆಯಲ್ಲ, ಅದು ಇಲ್ಲದ ಮನೆ ನಮ್ಮ ಬೀದಿಯಲ್ಲೇ ಇಲ್ಲ. ಅದರಲ್ಲಿ ತಂಡದವರಿಗಿಂತ ನಮ್ಮ ಜನರದ್ದೇ ಹೆಚ್ಚು ಕೇಳುತ್ತದೆ. ಹಾಡಿಗೆ ದನಿಗೂಡಿಸುವುದು ಲೋಕರೂಢಿ; ನಮ್ಮವರು ಗಿಟಾರಿನ ರಾಗವನ್ನೂ ಬಾಯಲ್ಲೇ ಹಾಡುತ್ತಾರೆ, ಡ್ರಮ್ಮಿನ ಏಟನ್ನು ಕುಣಿದು ಕೊಡುತ್ತಾರೆ! ರೆಕಾರ್ಡಿನ ಮೂರನೆಯ ಮಗ್ಗುಲಿನಲ್ಲಿ ಒಂದು ಗಳಿಗೆ ಬರುತ್ತದೆ. ಗಾಯಕ ಕೈ ಎತ್ತುತ್ತಾನೆ, ಐವತ್ತು ಸಾವಿರ ಜನ ಗಪ್‌ಚಿಪ್. ಆ ಮೌನದಲ್ಲಿ ಒಂದೇ ಒಂದು ಶಿಳ್ಳೆ! ನೆಟ್ಟಗೆ ಮೇಲೇರಿ, ನಡುವೆ ಎರಡು ಸಲ ಮುರಿದು, ಕೊನೆಗೆ ಬಾಲ ಎತ್ತಿ ನಿಲ್ಲುತ್ತದೆ. ಆಮೇಲೇ ಗಿಟಾರು.

ಆ ಶಿಳ್ಳೆ ನನ್ನದು. ನಾನು ಅಲ್ಲಿದ್ದೆ, ಶಿಳ್ಳೆ ಹಾಕಿದೆ, ನನ್ನ ಕಿವಿಯಾರೆ ಕೇಳಿದೆ! ಮದುವೆಯಲ್ಲಿ, ಮಗಳ ನಾಮಕರಣದಲ್ಲಿ, ಕಡೆಗೆ ಮಾವನವರ ಶವಯಾತ್ರೆಯಲ್ಲೂ ಇದನ್ನು ನಾಲ್ಕು ಜನರಿಗೆ ಹೇಳಿದ್ದೇನೆ. ಎಲ್ಲ ಸರಿಯಾಗಿಯೇ ಇತ್ತು, ಮಿರ್ತಾಳ ತಂಗಿಯನ್ನು ಈ ರೂಬೆನ್ ಮದುವೆಯಾಗುವ ತನಕ. ಅವನೂ ಅವತ್ತು ಅಲ್ಲಿದ್ದನಂತೆ. ಶಿಳ್ಳೆ ಅವನದಂತೆ!

ಬರೀ ಶಿಳ್ಳೆಯ ಮಾತಾಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಆದರೆ ಹೋದ ವಾರ, ನಾನು ಒಲೆಯ ಮುಂದೆ ಬೆವರುತ್ತಿರುವಾಗ, ಅವನು ನನ್ನ ಇಕ್ಕಳದ ಮೇಲೇ ಕಣ್ಣು ಹಾಕಿದ. ಭಾನುವಾರ ಕೆಂಡದ ಮೇಲೆ ಮಾಂಸ ಸುಡುವವನು ನಮ್ಮಲ್ಲಿ ಆ ಹೊತ್ತಿನ ಮಹಾರಾಜ. ಊಟಕ್ಕೆ ಕೂತವರು ಮೊದಲ ತುತ್ತಿಗೇ ಅವನಿಗೆ ಚಪ್ಪಾಳೆ ತಟ್ಟಬೇಕು. ಮಾವನವರು ತೀರಿಕೊಂಡಾಗ ಅವರ ಇಕ್ಕಳ ಹಿರಿಯಳಿಯನಾದ ನನಗೆ ಬಂತು. ನನಗೆ ಆಫೀಸಿನಲ್ಲಿ ಚಪ್ಪಾಳೆ ಇಲ್ಲ, ಮನೆಯಲ್ಲಂತೂ ಕೇಳಲೇಬೇಡಿ. ವಾರಕ್ಕೊಮ್ಮೆ ಆ ಚಪ್ಪಾಳೆ ಒಂದೇ ನನ್ನ ಪಾಲಿನದು.

"ಶಿಳ್ಳೆ ಯಾರದೋ ಇಕ್ಕಳ ಅವರದು," ಎಂದ ರೂಬೆನ್. "ಇಬ್ರೂ ಶಿಳ್ಳೆ ಹಾಕೋಣ. ರೆಕಾರ್ಡ್ ಹಾಕಿ ತಾಳೆ ನೋಡೋಣ. ಅತ್ತಿಗೆ ತೀರ್ಪು ಹೇಳ್ಲಿ. ಏನಣ್ಣಾ, ಧೈರ್ಯ ಇದೆಯಾ?"

ಅಳಿಯಂದಿರಿಬ್ಬರ ಧರ್ಮಯುದ್ಧದಲ್ಲಿ ಹಿಂದೆ ಸರಿಯುವ ಗಂಡು ನಾನಲ್ಲ!

"ನನ್ನನ್ನ ಇದಕ್ಕೆ ಎಳೀಬೇಡಿ ಪುಣ್ಯಾತ್ಮರಾ," ಎಂದಳು ಮಿರ್ತಾ. ಅವಳು ಯಾವಾಗಲೂ ಹೀಗೆಯೇ. ರೆಕಾರ್ಡಿನಲ್ಲಿ ಆ ಶಿಳ್ಳೆ ಬರುವ ಹೊತ್ತಿಗೆ ಸರಿಯಾಗಿ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಾಳೆ. ಗಂಡನ ಪ್ರತಿಭೆಯ ಮುಂದೆ ಕೂರಲು ಅವಳಿಗೆ ಸಂಕೋಚ ಎಂದುಕೊಂಡಿದ್ದೆ.

ಭಾನುವಾರ ಬಂತು. ಅಂಗಳದಲ್ಲಿ ಕೆಂಡ ಹದವಾಗಿತ್ತು. ಮೇಲೆ ಚೊರೀಸೊ ಸಾಸೇಜುಗಳು ಸಾಲಾಗಿ ಮಲಗಿದ್ದವು, ಪಕ್ಕದಲ್ಲಿ ಪಕ್ಕೆಲುಬಿನ ದೊಡ್ಡ ಪಟ್ಟಿ. ರೆಕಾರ್ಡ್ ಪ್ಲೇಯರನ್ನು ಅಂಗಳದ ಮೇಜಿಗೆ ತಂದಿಟ್ಟೆ. ಅತ್ತೆ ಎರ್ಮೀನಿಯಾ ಒಳಗೆ ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಎಂಬತ್ತು ದಾಟಿದ ಜೀವ. ರಾಕ್ ಎಂದರೆ ಸಾಕು, ಶಿಲುಬೆ ಗುರುತು ಹಾಕಿಕೊಳ್ಳುವ ಸಾಧ್ವಿ.

ಮೊದಲ ಸರದಿ ರೂಬೆನ್‌ದು. ರೆಕಾರ್ಡಿನ ಶಿಳ್ಳೆ ಕೇಳಿ, ಮುಳ್ಳು ಎತ್ತಿ, ಉಸಿರು ತುಂಬಿ, ಎರಡು ಬೆರಳು ಬಾಯಿಗಿಟ್ಟ. ಫುಸ್ಸ್! ರಬ್ಬರು ಹೋದ ಕುಕ್ಕರ್ ಕೂಡ ಅದಕ್ಕಿಂತ ಮರ್ಯಾದೆಯಾಗಿ ಕೂಗುತ್ತದೆ.

"ತುಟಿ ಒಣಗಿದೆ," ಎಂದ.

"ತುಟಿ ಅಲ್ಲ ತಮ್ಮಾ, ಸುಳ್ಳು ಒಣಗಿದೆ!" ಎಂದು ನಾನು ಗಹಗಹಿಸಿ ನಕ್ಕೆ. ಈಗ ನನ್ನ ಸರದಿ. ಮುಳ್ಳನ್ನು ಮತ್ತೆ ಅದೇ ಹಾಡಿನ ಮೇಲಿಟ್ಟು, ಎದೆ ಉಬ್ಬಿಸಿದೆ.

ಇಲ್ಲಿ ಒಂದು ಸಣ್ಣ ವಿಷಯ ಹೇಳುವುದು ಮರೆತೆ. ಹೋದ ಕ್ರಿಸ್‌ಮಸ್ಸಿನಲ್ಲಿ ಕಲ್ಲಿನಂಥ ಬಾದಾಮಿ ಮಿಠಾಯಿ ಕಚ್ಚಿ ಮೇಲಿನ ಮುಂದಿನ ಹಲ್ಲುಗಳನ್ನು ಕಳೆದುಕೊಂಡ ನಾನು, ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದೆ. ಶಪಥದ ಬಿಸಿಯಲ್ಲಿ ಹಲ್ಲಿನ ನೆನಪು ಯಾರಿಗಿರುತ್ತದೆ?

ಊದಿದೆ! ಶಿಳ್ಳೆ ಬರಲಿಲ್ಲ, ಹಲ್ಲು ಹೊರಟಿತು! ಪೆನಾಲ್ಟಿ ಒದ್ದ ಚೆಂಡಿನ ಹಾಗೆ ಅಂಗಳ ದಾಟಿ ನೇರ ಒಲೆಗೆ ಹೋಗಿ, ಎರಡು ಚೊರೀಸೊಗಳ ನಡುವೆ ಹಲ್ಲು ಕಿರಿದು ಕೂತಿತು.

"ಗೋಲ್!" ಎಂದು ಕಿರುಚಿದ ಪಾಪಿ ರೂಬೆನ್.

"ಅಫ್ಯೋ, ನನ್ನ ಫಲ್ಲು! ಇಕ್ಕಳ ಕೊಡೋ!" ಎಂದು ಬೊಚ್ಚುಬಾಯಲ್ಲೇ ಕೂಗುತ್ತ, ರೂಬೆನ್ ಪಕ್ಕದಲ್ಲಿದ್ದ ಇಕ್ಕಳವನ್ನು ನಾನೇ ಎಳೆದುಕೊಂಡು ನುಗ್ಗಿದೆ. ಅವಸರದಲ್ಲಿ ಹಲ್ಲಿಗೆ ಹಾಕಿದ ಇಕ್ಕಳ ಚೊರೀಸೊಗೆ ಬಿತ್ತು. ಚೊರೀಸೊ ಒಡೆಯಿತು, ಕೊಬ್ಬು ಕೆಂಡಕ್ಕೆ ಸುರಿಯಿತು, ಭಗ್ಗೆಂದು ಬೆಂಕಿ ಎದ್ದಿತು! ಹಲ್ಲು ಸರಳಿನ ಸಂದಿಯಿಂದ ಕೆಳಗಿಳಿದು ಬೂದಿ ಸೇರಿತು. ರೂಬೆನ್ ಸಹಾಯ ಮಾಡುತ್ತೇನೆಂದು ಪೇಪರಿನಿಂದ ಗಾಳಿ ಹಾಕಿದ. ಬೆಂಕಿಗೆ ಗಾಳಿ ಹಾಕುವ ಬುದ್ಧಿವಂತನನ್ನು ನೀವು ನೋಡಿಲ್ಲವಾದರೆ ನಮ್ಮ ಮನೆಗೆ ಬನ್ನಿ! ಜ್ವಾಲೆ ಮೇಲಿನ ದ್ರಾಕ್ಷಿ ಚಪ್ಪರವನ್ನು ನೆಕ್ಕತೊಡಗಿತು.

ಗೋಡೆಯಾಚೆ ಗಿಡಗಳಿಗೆ ನೀರು ಬಿಡುತ್ತಿದ್ದ ನೆರೆಮನೆಯ ಅತೀಲಿಯೊ ಹೊಗೆ ಕಂಡವನೇ, "ಹೆದರ್‍ಬೇಡಿ, ನಾನಿದೀನಿ!" ಎಂದು ಪೈಪನ್ನು ಈ ಕಡೆ ತಿರುಗಿಸಿದ. ಬೆಂಕಿ ಆರಿತು. ಕೆಂಡ ಆರಿತು. ಸಾಸೇಜು, ನಾನು, ರೂಬೆನ್, ನಾದಿನಿ ತಂದ ಕೇಕು, ಎಲ್ಲಕ್ಕೂ ಸ್ನಾನವಾಯಿತು. ಮೇಜಿನ ಮೂಲೆಯಲ್ಲಿದ್ದ ರೆಕಾರ್ಡ್ ಮಾತ್ರ ನೆನೆಯದೆ ಹಾಡುತ್ತಲೇ ಇತ್ತು. ಅದೇ ಹೊತ್ತಿಗೆ ಅದರೊಳಗಿನ ಐವತ್ತು ಸಾವಿರ ಜನ ನಮ್ಮನ್ನು ನೋಡಿದವರಂತೆ ಹೋ ಎಂದು ಚಪ್ಪಾಳೆ ತಟ್ಟಿದರು!

ಈ ಗದ್ದಲದಲ್ಲಿ ಬುದ್ಧಿ ನೆಟ್ಟಗಿದ್ದದ್ದು ತಿತೋನಿಗೊಬ್ಬನಿಗೇ. ಪಕ್ಕೆಲುಬಿನ ಪಟ್ಟಿಯನ್ನು ಪೂರ್ತಿಯಾಗಿ ಬಾಯಲ್ಲಿ ಕಚ್ಚಿಕೊಂಡು ಮಹಡಿಯ ಮೆಟ್ಟಿಲು ಹತ್ತಿ ಓಡಿದ.

"ಊಟಾ! ಊಟ ಹೋಯ್ತು!" ಎಂದು ಮಿರ್ತಾ ಕೂಗಿದಳು.

ಆಗ ಬಾಗಿಲಲ್ಲಿ ಅತ್ತೆ ಎರ್ಮೀನಿಯಾ ಕಾಣಿಸಿಕೊಂಡರು. ಕೂದಲು ಕೆದರಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಅಂಗಳ ನೋಡಿದರು, ನಮ್ಮನ್ನು ನೋಡಿದರು, ನಾಯಿಯನ್ನು ನೋಡಿದರು. ಎರಡು ಬೆರಳು ಬಾಯಿಗಿಟ್ಟರು.

ಶಿಳ್ಳೆ ನೆಟ್ಟಗೆ ಮೇಲೇರಿತು. ನಡುವೆ ಎರಡು ಸಲ ಮುರಿಯಿತು. ಕೊನೆಗೆ ಬಾಲ ಎತ್ತಿ ನಿಂತಿತು.

ತಿತೋ ಅಲ್ಲೇ ಪಟ್ಟಿ ಬಿಟ್ಟು ಬಾಲ ಮುದುರಿ ಕೂತ. ಮಿರ್ತಾಳ ಕೈಯಿಂದ ತಟ್ಟೆ ಬಿತ್ತು. ನಾನು, ರೂಬೆನ್ ಮುಖ ಮುಖ ನೋಡಿಕೊಂಡೆವು. ಗೋಡೆಯಾಚೆ ಅತೀಲಿಯೊ ಟೋಪಿ ತೆಗೆದ.

"ಅಮ್ಮಾ..." ಎಂದಳು ಮಿರ್ತಾ. "ಅವತ್ತು ಮೈದಾನಕ್ಕೆ ನೀನು ನಿಜವಾಗ್ಲೂ ಬಂದಿದ್ಯಾ?"

"ಬರ್ದೆ ಇನ್ನೇನು? ಗೆಳತಿ ಮನೇಲಿ ಓದ್ಕೋತೀನಿ ಅಂದೋಳು ನೀನು, ಪುಸ್ತಕ ಮನೇಲೇ ಬಿಟ್ಟು ಹೋಗಿದ್ದೆ! ಗೇಟಿನವನಿಗೆ, ಮಗಳು ಒಳಗಿದಾಳಪ್ಪಾ ಅಂದೆ, ಬಿಟ್ಟ. ಆ ಸಂತೇಲಿ ಹುಡುಕೋದು ಹೇಗೆ? ಅವನ್ಯಾರೋ ಕೈ ಎತ್ತಿದ, ಎಲ್ರೂ ಸುಮ್ನಾದ್ರು. ಇದೇ ಸಮಯ ಅಂತ ನೀವು ಬೀದೀಲಿ ಆಡೋವಾಗ ಕರೀತಿದ್ದ ಹಾಗೇ ಕರ್‍ದೆ."

"ನಂಗೆ ಕೇಳಿಸ್ತು! ಅಲ್ಲೇ ಒಬ್ಬನ ಬೆನ್ನ ಹಿಂದೆ ಕೂತ್ಬಿಟ್ಟೆ!" ಎಂದಳು ಮಿರ್ತಾ.

"ಮಿರ್ತಾ!" ಎಂದು ನಾನು ಕೂಗಿದೆ. "ಗೊತ್ತಿದ್ದೂ ಇಷ್ಟು ವರ್ಷ ನನ್ನನ್ನ ಕೊಚ್ಚಿಕೊಳ್ಳೋಕೆ ಬಿಟ್ಯಾ?"

"ಬಾಯಿ ಬಿಟ್ರೆ ನಾನು ಅಲ್ಲಿದ್ದದ್ದು ಅಮ್ಮಂಗೆ ಗೊತ್ತಾಗ್ತಿತ್ತಲ್ಲ, ಡುಮ್ಮಾ!"

"ಅತ್ತೇ, ನೀವಾದರೂ...?"

ಅತ್ತೆ ಶಿಲುಬೆ ಗುರುತು ಹಾಕಿಕೊಂಡರು. "ಹೇಗೆ ಹೇಳ್ಲಪ್ಪಾ? ಮಗಳನ್ನ ಹುಡುಕೋಕೆ ಹೋದೋಳು ಕೊನೇ ಹಾಡಿನ ತನಕ ಕುಣೀತಿದ್ದೆ ಅಂತಲಾ?"

ತೀರ್ಪನ್ನು ಯಾರೂ ಹೇಳಬೇಕಾಗಲಿಲ್ಲ. ಅತ್ತೆಯೇ ಬಂದು ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು, ಒದ್ದೆ ಬೂದಿಯನ್ನು ಕೆದಕಿ, ಏನನ್ನೋ ಮೇಲೆತ್ತಿ ಹಿಡಿದರು.

"ಇದ್ಯಾರದ್ರಪ್ಪಾ? ಒಂದು ಕಡೆ ಬೆಂದಿದೆ, ಇನ್ನೊಂದು ಕಡೆ ಇನ್ನೂ ಹಸಿ."

ಹೊಸ ಕೆಂಡ ಮಾಡಿ, ನಾಯಿ ಕಚ್ಚಿದ ಪಟ್ಟಿಯನ್ನೇ ತೊಳೆದು ಅವರು ಸುಟ್ಟರು. ಸತ್ಯ ಹೇಳುತ್ತೇನೆ, ಅಷ್ಟು ಪರಿಮಳ ನನ್ನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹೊಟ್ಟೆ ಉರಿಯುತ್ತಿತ್ತು, ಖುಷಿಯೂ ಆಗುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಾನು ನೆನೆಸಿದ ಬ್ರೆಡ್ಡು ತಿಂದೆ. ಮುಂದಿನ ಭಾನುವಾರದಿಂದ ನನಗೂ ರೂಬೆನ್‌ಗೂ ಟೊಮೆಟೊ, ಲೆಟ್ಯೂಸ್ ಹೆಚ್ಚುವ ಕೆಲಸ ಎಂದು ಅಲ್ಲೇ ನಿಶ್ಚಯವಾಯಿತು.

ಮರುದಿನ ಕರಗಿದ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ದಂತವೈದ್ಯರ ಹತ್ತಿರ ಹೋದೆ. ಇದು ಹೇಗಾಯಿತು ಎಂದರು. ಜನ್ಮದಲ್ಲೇ ಮೊದಲ ಸಲ ಶಿಳ್ಳೆ ಪುರಾಣವನ್ನು ಒಂದಕ್ಷರ ಸುಳ್ಳಿಲ್ಲದೆ ಹೇಳಿದೆ. ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಾಯಿ ಅಗಲಿಸಿ ಅಚ್ಚಿನ ಹಿಟ್ಟು ತುಂಬಿ, ಅದು ಗಟ್ಟಿಯಾಗುವ ತನಕ ಅಲ್ಲಾಡಬೇಡಿ, ಮಾತಾಡಬೇಡಿ ಎಂದರು.

"ಕತೆ ಬಹಳ ಚೆನ್ನಾಗಿದೆ ಸ್ವಾಮೀ," ಎಂದರು, ಕೈಗವಸು ಕಳಚುತ್ತ. "ಆದ್ರೆ ಪಾಪ, ನಿಮ್ಮ ಅತ್ತೆ ನಿಮ್ಮನ್ನ ಚೆನ್ನಾಗಿ ಯಾಮಾರಿಸಿದಾರೆ."

ನಾನು ಕಣ್ಣರಳಿಸಿದೆ.

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಎರಡು ಬೆರಳು ಎತ್ತಿ ತೋರಿಸಿದರು.

"ಆ ಶಿಳ್ಳೆ ಹಾಕಿದ್ದು ನಾನು!"